ಚೀಟ್ ಗೊತ್ತಿರುವಾಗ ಸ್ವಿಂಡಲ್ ಯಾಕೆ ಕಲಿಯಬೇಕು?

ಇಂಗ್ಲಿಷ್ ಹೇಳಿಕೊಡುವ ನನಗೆ ಜಾಸ್ತಿ ಬರುವ ಪ್ರಶ್ನೆ ಇದು. ‘ಚೀಟ್ ಅಂದ್ರೂ ಮೋಸ, ಸ್ವಿಂಡಲ್ ಅಂದ್ರೂ ಮೋಸ. ಮತ್ತೆ ಎರಡೆರಡು ಪದ ಯಾಕೆ?’

ಕನ್ನಡದಲ್ಲಿ ನಾವೇನು ಒಂದೇ ಪದಕ್ಕೆ ಸುಮ್ಮನಿದ್ದೇವಾ? ಟೋಪಿ ಹಾಕುತ್ತೇವೆ, ಪಂಗನಾಮ ಹಾಕುತ್ತೇವೆ, ಚಳ್ಳೆಹಣ್ಣು ತಿನ್ನಿಸುತ್ತೇವೆ. ಆದರೆ ಪರೀಕ್ಷೆಯಲ್ಲಿ ಕಾಪಿ ಹೊಡೆದವನನ್ನು ಯಾರೂ ‘ಟೋಪಿ ಹಾಕಿದ’ ಅನ್ನುವುದಿಲ್ಲ, ಅಲ್ವಾ? ಸ್ವಿಂಡಲ್ ಕೂಡ ಹಾಗೇ. ಕಾಪಿ ಹೊಡೆಯೋದು, ಇಸ್ಪೀಟಿನಲ್ಲಿ ಎಲೆ ಬಚ್ಚಿಡೋದು, ಇವೆಲ್ಲ ಚೀಟಿಂಗ್. ಸ್ವಿಂಡಲ್ ಅನ್ನಬೇಕಾದರೆ ದುಡ್ಡೋ ಆಸ್ತಿಯೋ ಕೈ ಬದಲಾಗಿರಬೇಕು, ಅದೂ ಸುಳ್ಳು ಹೇಳಿ ನಂಬಿಸಿ.

ಒಮ್ಮೆ ಒಬ್ಬ ಹುಡುಗ ಜೇಬುಗಳ್ಳತನಕ್ಕೂ ಸ್ವಿಂಡಲ್ ಅಂತ ಬರೆದಿದ್ದ. ಅದು ಸರಿಯಲ್ಲ. ಜೇಬುಗಳ್ಳ ನಿಮಗೆ ಗೊತ್ತಾಗದಂತೆ ಎತ್ತಿಕೊಂಡು ಹೋಗುತ್ತಾನೆ. ಸ್ವಿಂಡಲ್ ಮಾಡುವವನಿಗೆ ನೀವೇ ಕೈಯಾರೆ ಎಣಿಸಿ ಕೊಟ್ಟಿರುತ್ತೀರಿ, ಮೇಲೆ ಒಂದು ಥ್ಯಾಂಕ್ಸ್ ಬೇರೆ.

ಇದರ ತಮ್ಮನಂಥ ಪದ ‘ಕಾನ್’. ಅದು ಕಾನ್ಫಿಡೆನ್ಸ್, ಅಂದ್ರೆ ನಂಬಿಕೆ, ಅನ್ನೋದರ ತುಂಡು. 1849ರಲ್ಲಿ ನ್ಯೂಯಾರ್ಕಿನಲ್ಲಿ ವಿಲಿಯಂ ಥಾಂಪ್ಸನ್ ಅನ್ನುವವನು ಸಿಕ್ಕಿಬಿದ್ದ. ನೀಟಾಗಿ ಬಟ್ಟೆ ಹಾಕಿಕೊಂಡು ಬಂದು, ಗುರುತೇ ಇಲ್ಲದವರ ಜೊತೆ ಹಳೇ ಪರಿಚಯದವನಂತೆ ಹರಟಿ, ‘ನಾಳೆವರೆಗೆ ನಿಮ್ಮ ವಾಚು ನನ್ನ ಹತ್ತಿರ ಬಿಡುವಷ್ಟು ನನ್ನ ಮೇಲೆ ನಂಬಿಕೆ ಇದೆಯಾ?’ ಅಂತ ಕೇಳುತ್ತಿದ್ದನಂತೆ. ಬಿಚ್ಚಿ ಕೊಟ್ಟವರೂ ಇದ್ದರು! ಪತ್ರಿಕೆಯವರು ಅವನಿಗೆ ಇಟ್ಟ ಹೆಸರು ಕಾನ್ಫಿಡೆನ್ಸ್ ಮ್ಯಾನ್.

ಸ್ವಿಂಡ್ಲರ್ ಅನ್ನೋದು 18ನೇ ಶತಮಾನದಲ್ಲಿ ಜರ್ಮನ್‌ನಿಂದ ಬಂದ ಪದ, ಅಲ್ಲಿ ಅದರ ಮೂಲಕ್ಕೆ ತಲೆ ಸುತ್ತುವುದು ಅಂತ ಅರ್ಥ. ತಲೆ ಸುತ್ತೋದು ಯಾರಿಗೆ ಅಂತ ನೀವೇ ಹೇಳಿ. ‘ಫ್ಲೀಸ್’ ಇನ್ನೂ ಸುಲಭ: ಕುರಿಯ ಉಣ್ಣೆ ಕತ್ತರಿಸೋದು. ನಮ್ಮ ‘ನುಣ್ಣಗೆ ಬೋಳಿಸಿದ’ ಇದೆಯಲ್ಲ, ಅದೇ! ‘ಎಂಬೆಜಲ್’ ಮಾತ್ರ ಬೇರೆ, ನೋಡಿಕೋ ಅಂತ ಒಪ್ಪಿಸಿದ ದುಡ್ಡನ್ನು ನೋಡಿಕೊಳ್ಳಬೇಕಾದವನೇ ನುಂಗೋದು.

ಎಲ್ಲರೂ ಎಡವುವುದು ವಾಕ್ಯ ಮಾಡುವಾಗ. ‘ಹೀ ಸ್ವಿಂಡಲ್ಡ್ ಹರ್ ಔಟ್ ಆಫ್ ಹರ್ ಸೇವಿಂಗ್ಸ್.’ ಮೋಸ ಹೋದವರು ಮೊದಲು, ಹೋದ ದುಡ್ಡು ಆಮೇಲೆ, ನಡುವೆ ‘ಔಟ್ ಆಫ್’. ‘ಅವಳಿಗೆ ಟೋಪಿ ಹಾಕಿ ದುಡ್ಡು ಹೊಡೆದ’ ಅನ್ನುವಾಗ ಬರುವ ಸಾಲೇ ಇದು. ದುಡ್ಡನ್ನು ಮೊದಲು ಹೇಳಿದರೆ ಮಾತ್ರ ‘ಫ್ರಮ್’ ಹಾಕಿ.