‘ನೀವಾದರೂ ತಡೆಯಬಹುದಿತ್ತಲ್ಲ?’

ತಡೆದಿದ್ದೆ. ಒಂದೇ ಸಲ, ಪೂರ್ತಿಯಾಗಿ. ಅವರು ಸಾಯುವುದೊಂದು ಬಾಕಿ ಇತ್ತು.

ಇಷ್ಟೇ ಉತ್ತರ ಸಾಕಾಗಬೇಕು. ಸಾಕಾಗುವುದಿಲ್ಲ ಎಂದು ಗೊತ್ತಿರುವುದರಿಂದ ಬರೆಯುತ್ತಿದ್ದೇನೆ. ನನ್ನ ಗಂಡನ ಕುಡಿತದ ವಿಷಯ ತಿಳಿದವರೆಲ್ಲ ಕೇಳುವ ಪ್ರಶ್ನೆ ಇದು. ಆ ‘ಆದರೂ’ ನೋಡಿ. ಹೆತ್ತವರಿಂದ ಆಗಲಿಲ್ಲ, ಸ್ನೇಹಿತರಿಂದ ಆಗಲಿಲ್ಲ, ಕುಡಿಯುವವರಿಂದಲೇ ಆಗಲಿಲ್ಲ, ‘ನೀವಾದರೂ’! ಹೆಂಡತಿಯೆಂದರೆ ಬಾಟಲಿಯ ಬಿರಡೆ ಎಂದುಕೊಂಡಿದ್ದಾರೆ.

ಹುಡುಕುವುದರಲ್ಲಿ ನಾನು ಪೊಲೀಸರನ್ನೂ ಮೀರಿಸಿದ್ದೆ. ನೀರಿನ ಟ್ಯಾಂಕಿನಲ್ಲಿ ದಾರ ಕಟ್ಟಿ ಇಳಿಬಿಟ್ಟದ್ದು, ಹಳೆಯ ಬೂಟಿನೊಳಗಿನದು, ಕೆಮ್ಮಿನ ಔಷಧಿಯ ಸೀಸೆಗೆ ತುಂಬಿಟ್ಟದ್ದು. ಒಂದು ಶನಿವಾರ ಬೆಳಿಗ್ಗೆ ಸಿಕ್ಕಿದ್ದನ್ನೆಲ್ಲ ಬಚ್ಚಲಿಗೆ ಸುರಿದು, ಹೊರಬಾಗಿಲಿಗೆ ಬೀಗ ಜಡಿದು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಸಂಜೆಗೆ ಅವರ ಕೈ ನಡುಗತೊಡಗಿತು. ನಾಟಕ ಎಂದೆ. ರಾತ್ರಿಯಿಡೀ ಬೆವರು, ವಾಂತಿ. ನಾಟಕ ಜೋರಾಗಿಯೇ ಇದೆ ಎಂದುಕೊಂಡೆ. ಭಾನುವಾರ ಮಧ್ಯಾಹ್ನ ಫಿಟ್ಸ್ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ಬಿದ್ದರು.

ವೈದ್ಯರು ಆಮೇಲೆ ವಿವರಿಸಿದರು. ಮದ್ಯ ಮಿದುಳಿನ ವೇಗವನ್ನು ತಗ್ಗಿಸುತ್ತದೆ. ವರ್ಷಗಟ್ಟಲೆ ದಿನವೂ ಕುಡಿದರೆ ಮಿದುಳು ತನ್ನ ವೇಗವನ್ನು ಏರಿಸಿಕೊಂಡು ಅದನ್ನು ಸರಿದೂಗಿಸುತ್ತದೆ. ಒಮ್ಮೆಲೇ ಮದ್ಯ ತಪ್ಪಿದರೆ ಆ ವೇಗಕ್ಕೆ ಕಡಿವಾಣವೇ ಇಲ್ಲ. 6ರಿಂದ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನಗಳ ಹೊತ್ತಿಗೆ ಸನ್ನಿ ಹಿಡಿದು, ಇಲ್ಲದ್ದೆಲ್ಲ ಕಾಣಿಸಬಹುದು. ಚಿಕಿತ್ಸೆ ಸಿಗದಿದ್ದರೆ ಪ್ರಾಣವೂ ಹೋಗಬಹುದು. ಲಿವರ್ ಕೆಡುವುದು ಎಲ್ಲರಿಗೂ ಗೊತ್ತು. ಕುಡಿಯುವುದನ್ನು ನಿಲ್ಲಿಸಿದ್ದಕ್ಕೇ ಹೀಗಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಆ ಸಂಜೆ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕುಳಿತಿದ್ದೆ. ಹತ್ತಿರದ ಸಂಬಂಧಿಕರೊಬ್ಬರು ಬಂದು, ನಿಟ್ಟುಸಿರು ಬಿಟ್ಟು, ‘ನೀವಾದರೂ ಮೊದಲೇ ತಡೆಯಬಹುದಿತ್ತಲ್ಲ?’ ಎಂದರು. ಬೀಗದ ಕೈ ಇನ್ನೂ ನನ್ನ ಸೊಂಟದಲ್ಲಿತ್ತು.

ಕೇಳಲೇಬೇಕೆಂದಿದ್ದರೆ ಇದನ್ನು ಕೇಳಿ: ‘ನಾಳೆಯಿಂದ ಬಿಡುತ್ತೇನೆ ಎಂದು ಅವರು ಹೇಳಿದರೆ ಏನು ಮಾಡಬೇಕು?’ ಇದಕ್ಕೆ ನನ್ನಲ್ಲಿ ಉತ್ತರವಿದೆ. ಬಿಡುವ ಮೊದಲೇ ವೈದ್ಯರ ಬಳಿ ಹೋಗಿ. ದಿನಕ್ಕೆ ಎಷ್ಟು, ಬೆಳಿಗ್ಗೆ ಎದ್ದೊಡನೆ ಬೇಕೇ, ಹಿಂದೆ ಫಿಟ್ಸ್ ಬಂದಿತ್ತೇ, ಎಲ್ಲವನ್ನೂ ನಿಜ ಹೇಳಿ. (ನಮ್ಮವರು ‘ಯಾವಾಗಲೋ ಒಮ್ಮೆ’ ಎಂದರು. ನಾನು ಲೆಕ್ಕ ಹೇಳಿದೆ. ಒಂದು ವಾರ ನನ್ನೊಂದಿಗೆ ಮಾತಿರಲಿಲ್ಲ.) ಅಗತ್ಯವಿದ್ದರೆ ಡಯಾಜೆಪಾಮ್‌ನಂಥ ಔಷಧಿ ಕೊಟ್ಟು, ಕೆಲವು ದಿನಗಳಲ್ಲಿ ಆ ಔಷಧಿಯ ಪ್ರಮಾಣ ಇಳಿಸುತ್ತಾ ಬರುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್. ಅದು ತೀರಾ ಕಡಿಮೆಯಾದರೆ ನೆನಪಿನ ಶಕ್ತಿಗೇ ಪೆಟ್ಟು.

ಆಮೇಲೂ ಎರಡು ಸಲ ಜಾರಿದರು. ಈಗ 14 ತಿಂಗಳಾಗಿದೆ, ಮುಟ್ಟಿಲ್ಲ. ಜನ ಪ್ರಶ್ನೆ ಬದಲಿಸಿದ್ದಾರೆ: ‘ಅಂತೂ ಹೇಗೆ ಬಿಡಿಸಿದಿರಿ?’

ಬಿಟ್ಟವರು ಅವರು. ಒಳಕೋಣೆಯಲ್ಲೇ ಇದ್ದಾರೆ, ಹೋಗಿ ಕೇಳಿ.