ವಾರದ ಅಡುಗೆ ಪ್ಲಾನು: ಮೊದಲು ಕೆಡೋದು ಮೊದಲು

ಅಡುಗೆ ಮಾಡೋದಕ್ಕಿಂತ ಇವತ್ತು ಏನ್ ಮಾಡ್ಲಿ ಅಂತ ಯೋಚ್ನೆ ಮಾಡೋದ್ರಲ್ಲೇ ಜಾಸ್ತಿ ಸುಸ್ತಾಗತ್ತೆ, ದಿನಾ ಒಲೆ ಮುಂದೆ ನಿಲ್ಲೋರಿಗೆಲ್ಲ ಇದು ಗೊತ್ತು. ಸೋಮವಾರ ಇದು, ಮಂಗಳವಾರ ಅದು ಅಂತ ಮೂರು ಹೊತ್ತಿಗೂ ಮೆನು ಬರ್ದು ಫ್ರಿಜ್ ಮೇಲೆ ಅಂಟಿಸೋ ಪದ್ಧತಿ ನಮ್ಮ ಮನೆಗಳಿಗೆ ಹೊಂದಲ್ಲ ಕಣ್ರೀ. ನಾವು ಪಾಲಕ್ ಅಂತ ಬರ್ದಿರ್ತೀವಿ, ಮಾರ್ಕೆಟ್ಟಲ್ಲಿ ಸಬ್ಬಸಿಗೆ ಚೆನ್ನಾಗಿರತ್ತೆ, ಮಧ್ಯದಲ್ಲಿ ಒಂದು ಏಕಾದಶಿ ಬರತ್ತೆ, ಇಲ್ಲಾ ನೆಂಟ್ರು ಬರ್ತಾರೆ, ಅಲ್ಲಿಗೆ ಮೆನು ಮುಗೀತು.

ಅದಕ್ಕೆ ನಾನು ಅಡುಗೆ ಹೆಸರು ಬರೆಯಲ್ಲ, ಮನೇಲಿ ಏನಿದೆ ಅಂತ ಮಾತ್ರ ಬರೀತೀನಿ, ಬೇಗ ಕೆಡೋದು ಮೇಲೆ, ಬಾಳಿಕೆ ಬರೋದು ಕೆಳಗೆ. ಭಾನುವಾರ ತರಕಾರಿ ತಂದ್ರೆ ಮೊದಲೆರಡು ದಿನ ಸೊಪ್ಪು, ಆಮೇಲೆ ಬೀನ್ಸು ಬೆಂಡೆಕಾಯಿ ಬದನೆಕಾಯಿ, ವಾರದ ಕೊನೆಗೆ ಮಂಗಳೂರು ಸೌತೆ, ಸಿಹಿಗುಂಬಳ, ಸುವರ್ಣಗೆಡ್ಡೆ. ಸೊಪ್ಪನ್ನ ತೊಳೆದು ಇಡಬೇಡಿ, ಬೇರು ಕತ್ತರಿಸಿ ಒಣ ಕಾಟನ್ ಬಟ್ಟೇಲಿ ಸುತ್ತಿಡಿ. ಈ ಪಟ್ಟಿ ಇದ್ರೆ ಮನೆಗೆ ಯಾರು ಮೊದಲು ಬರ್ತಾರೋ ಅವರೇ ಶುರು ಮಾಡಬಹುದು, ಮೇಲಿಂದ ಮೊದಲನೇದು ತಗೊಂಡು ಹೆಚ್ಚೋಕೆ ಯಾರನ್ನೂ ಕೇಳೋದು ಬೇಡ. ನನಗೆ ಇದೇ ಮುಖ್ಯ, ಇಡೀ ಮನೆಯ ಊಟದ ಲೆಕ್ಕ ಒಬ್ಬ ಹೆಂಗಸಿನ ತಲೇಲೇ ಯಾಕಿರ್ಬೇಕು ಹೇಳಿ.

ತಿಂಡಿಗೆ ಹಿಟ್ಟೇ ದಾರಿ ತೋರ್ಸತ್ತೆ. 3 ಲೋಟ ಅಕ್ಕಿಗೆ 1 ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ ಹಾಕಿ ರುಬ್ಬಿಟ್ರೆ ಮೊದಲ ದಿನ ಹಿಟ್ಟು ಉಬ್ಬಿರೋವಾಗ ಇಡ್ಲಿ, ಮಾರನೇ ದಿನ ದೋಸೆ, ಹುಳಿ ಬಂದ್ಮೇಲೆ ಈರುಳ್ಳಿ ಹಸಿಮೆಣಸಿನಕಾಯಿ ಕೊತ್ತಂಬರಿ ಹಾಕಿ ಪಡ್ಡು. ಪಡ್ಡಿಗೆ ಆ ಹುಳಿ ಬೇಕೇ ಬೇಕು. ಉಳಿದ ದಿನ ಅವಲಕ್ಕಿ, ಉಪ್ಪಿಟ್ಟು, ರಾತ್ರಿ ಅನ್ನ ಉಳಿದಿದ್ರೆ ಚಿತ್ರಾನ್ನ, ಅಷ್ಟೇ.

ಆದ್ರೆ ವಾರದಲ್ಲಿ ಒಂದಿನ ಬಸ್ಸಾರು ಇರ್ಲೇಬೇಕು, ಒಂದೇ ಪಾತ್ರೆಯಿಂದ ಸಾರು ಪಲ್ಯ ಎರಡೂ ಆಗೋ ಅಡುಗೆ ಇದಕ್ಕಿಂತ ಬೇರೆ ಬೇಕಾ? ಹಿಂದಿನ ರಾತ್ರಿ ನೆನೆಸಿದ ಹೆಸರುಕಾಳೋ ಅಲಸಂದೆಯೋ ಮುಕ್ಕಾಲು ಬೆಂದ್ಮೇಲೆ ದಂಟಿನಸೊಪ್ಪು ಇಲ್ಲಾ ಸಬ್ಬಸಿಗೆ ಹಾಕಿ, ಕಾಳು ಒಡೆದು ಪಾಯಸ ಆಗ್ಬಾರ್ದು, ಬೆರಳಲ್ಲಿ ಒತ್ತಿದ್ರೆ ಮೆತ್ತಗಾದ್ರೆ ಸಾಕು, ಆಗ ಕಟ್ಟನ್ನ, ಅಂದ್ರೆ ಕಾಳು ಸೊಪ್ಪು ಬೆಂದ ನೀರನ್ನ, ಬಸಿದುಕೊಳ್ಳಿ. ಈರುಳ್ಳಿ ಬೆಳ್ಳುಳ್ಳಿ ಕೆಂಪಗೆ ಹುರಿದು, ಕಾಯಿ, ಜೀರಿಗೆ, ಹುಣಸೆಹಣ್ಣು, ಸಾರಿನ ಪುಡಿ ಜೊತೆ ಬೆಂದ ಕಾಳು ಸೊಪ್ಪು ಒಂದು ಹಿಡಿ ಸೇರಿಸಿ ನುಣ್ಣಗೆ ರುಬ್ಬಿ, ಆ ಹಿಡಿ ಕಾಳು ಬಿಟ್ರೆ ಸಾರು ನೀರು ನೀರಾಗಿ ಮುದ್ದೆಗೆ ಹಿಡಿಯಲ್ಲ. ರುಬ್ಬಿದ್ದನ್ನ ಬಸಿದ ಕಟ್ಟಿನ ನೀರಿಗೆ ಹಾಕಿ ಕುದಿಸಿ ಒಗ್ಗರಣೆ ಕೊಟ್ರೆ ಸಾರು, ಉಳಿದ ಕಾಳು ಸೊಪ್ಪಿಗೆ ಒಣಮೆಣಸಿನಕಾಯಿ ಈರುಳ್ಳಿ ಒಗ್ಗರಣೆ, ಮೇಲೆ ತೆಂಗಿನತುರಿ ಹಾಕಿದ್ರೆ ಪಲ್ಯ. ಮಾರನೇ ದಿನ ಬಿಸಿ ಮಾಡಿದ ಬಸ್ಸಾರು ಇನ್ನೂ ರುಚಿ, ಅಂದ್ರೆ ಇನ್ನೊಂದು ಹೊತ್ತಿನ ಊಟಾನೂ ಮುಗೀತು.

ತೊಗರಿಬೇಳೆನೂ ಹಾಗೇ, ಒಂದೇ ಸಲ ಜಾಸ್ತಿ ಬೇಯಿಸಿ ಅರ್ಧ ಇವತ್ತಿನ ಹುಳಿಗೆ, ಇನ್ನರ್ಧ ಫ್ರಿಜ್ಜಲ್ಲಿಟ್ಟು ನಾಳೆ ತಿಳಿಸಾರಿಗೆ. ಸಾರಿನ ಪುಡಿ ಮಾತ್ರ ಮನೇಲೇ ಹುರಿದು ಮಾಡಿ, ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು, ತಿಂಗಳಿಗಾಗೋಷ್ಟು ಮಾಡಿಟ್ಟು ಗಾಳಿಯಾಡದ ಡಬ್ಬೀಲಿ ಹಾಕಿಡಿ. ಪುಡಿ ರೆಡಿ ಇದ್ರೆ ಆಫೀಸಿಂದ ಲೇಟಾಗಿ ಬಂದ ದಿನಾನೂ ಹೊರಗಡೆಯಿಂದ ಆರ್ಡರ್ ಮಾಡೋ ಮನಸ್ಸಾಗಲ್ಲ.

ಡಿಸೆಂಬರ್ ಜನವರೀಲಿ ಸೊಗಡು ಅವರೆಕಾಯಿ ಬಂತು ಅಂದ್ರೆ ಪಟ್ಟಿ ಪಕ್ಕಕ್ಕಿಡಿ, ಉಪ್ಪಿಟ್ಟಿಗೂ ಅವರೆ, ಅಕ್ಕಿರೊಟ್ಟಿಗೂ ಅವರೆ, ಸಾರಿಗೆ ಹಿತುಕಿದ ಬೇಳೆ. ಹಿತುಕೋ ಕೆಲಸ ಮಾತ್ರ ಒಬ್ರೇ ಮಾಡ್ಬೇಡಿ, ಕಾಳು ರಾತ್ರಿ ನೆನೆಸಿಟ್ಟು ಬೆಳಗ್ಗೆ ಮಕ್ಕಳನ್ನೂ ಯಜಮಾನ್ರನ್ನೂ ಜೊತೇಲಿ ಕೂರಿಸ್ಕೊಳಿ.