ಸ್ಟ್ರೇಗಾ: ಮದ್ದೋ, ಮದ್ಯವೋ?

ನಮ್ಮ ಮನೆಯ ಕಪಾಟಿನಲ್ಲಿ ಅಚ್ಚ ಹಳದಿ ಬಣ್ಣದ ಒಂದು ಬಾಟಲಿ ಇದೆ. ಅದರ ಹೆಸರು ಸ್ಟ್ರೇಗಾ, ಎಂದರೆ ಇಟಾಲಿಯನ್ ಭಾಷೆಯಲ್ಲಿ ಮಾಟಗಾತಿ ಎಂದು ಹೇಳಿದ ಕೂಡಲೇ ಬಂದವರು ಒಂದೇ ಉಸಿರಿನಲ್ಲಿ ಎರಡು ಪ್ರಶ್ನೆ ಕೇಳುತ್ತಾರೆ: ಇದು ಮದ್ದೋ, ಮದ್ಯವೋ? ಮತ್ತು ಇದರ ರುಚಿ ಹೇಗಿರುತ್ತದೆ?

ಮೊದಲನೆಯದಕ್ಕೆ ಉತ್ತರ ನೇರವಾದದ್ದು. ಇದು ಮದ್ಯವೇ, ಇದರ ಮದ್ಯಸಾರ ಶೇಕಡ 40, ಅಂದರೆ ವಿಸ್ಕಿಯಷ್ಟೇ. ಸುಮಾರು 70 ಬಗೆಯ ಗಿಡಮೂಲಿಕೆ ಮತ್ತು ಸಾಂಬಾರ ಪದಾರ್ಥಗಳು ಇದರಲ್ಲಿವೆ ಎಂದು ಕೇಳಿದವರು ನಮ್ಮ ದ್ರಾಕ್ಷಾರಿಷ್ಟವನ್ನು ನೆನೆಯುವುದು ಸಹಜ. ಆದರೆ ಅರಿಷ್ಟದಲ್ಲಿರುವ ಅಲ್ಪ ಮದ್ಯಸಾರ ಕಷಾಯ ಮತ್ತು ಬೆಲ್ಲ ಹುದುಗುವಾಗ ತಾನಾಗಿ ಹುಟ್ಟುವಂಥದ್ದು. ಸ್ಟ್ರೇಗಾದಲ್ಲಿ ಮೂಲಿಕೆಗಳ ಸಾರವನ್ನು ಭಟ್ಟಿ ಇಳಿಸಿ ತೆಗೆದು, ಸಕ್ಕರೆ ಬೆರೆಸಿ, ಮರದ ಪೀಪಾಯಿಗಳಲ್ಲಿ ಹದಗೊಳ್ಳಲು ಬಿಡುತ್ತಾರೆ.

ಹೀಗಿದ್ದರೂ ಪ್ರಶ್ನೆ ಕೇಳುವವರು ಪೂರ್ತಿ ತಪ್ಪಿದ್ದಾರೆ ಎನ್ನಲಾರೆ, ಏಕೆಂದರೆ ಇಂಥ ಪಾನೀಯಗಳ ಬೇರು ವೈದ್ಯದಲ್ಲಿಯೇ ಇದೆ. ಯುರೋಪಿನಲ್ಲಿ ದ್ರಾಕ್ಷಾರಸವನ್ನು ಭಟ್ಟಿ ಇಳಿಸುವ ವಿಧಾನವನ್ನು ಹೇಳುವ ಬಹು ಹಳೆಯ ಬರಹಗಳಲ್ಲಿ ಕೆಲವು 12ನೇ ಶತಮಾನದ, ದಕ್ಷಿಣ ಇಟಲಿಯ ಸಲೆರ್ನೊ ಪಟ್ಟಣದ ವೈದ್ಯಪರಂಪರೆಯಿಂದ ಬಂದವು. ಮುಂದೆ ಕ್ರೈಸ್ತ ಮಠಗಳ ಮದ್ದಿನ ಕೋಣೆಗಳಲ್ಲಿ ಸನ್ಯಾಸಿಗಳು ಹೊಟ್ಟೆನೋವಿಗೆ, ಅಜೀರ್ಣಕ್ಕೆ ಮೂಲಿಕೆಗಳನ್ನು ಸಾರಾಯಿಯಲ್ಲಿ ನೆನೆಸಿಡುವ ರೂಢಿ ಬೆಳೆಯಿತು. ಊಟದ ಬಳಿಕ ಒಂದು ಪುಟ್ಟ ಲೋಟ ಕುಡಿಯುವ ಇಟಲಿಯ ಅಭ್ಯಾಸ ಆ ನಂಬಿಕೆಯ ಮುಂದುವರಿಕೆ. ಇಂದು ಅದನ್ನು ಔಷಧವೆಂದು ಕುಡಿಯಬೇಕಾಗಿಲ್ಲ; ರುಚಿಗಾಗಿ ಕುಡಿದರೆ ಸಾಕು.

ಸ್ಟ್ರೇಗಾ ಹುಟ್ಟಿದ್ದು ಸಲೆರ್ನೊ ಇರುವ ಕಂಪಾನಿಯಾ ಪ್ರಾಂತದ ಒಳನಾಡಿನಲ್ಲಿರುವ ಬೆನೆವೆಂಟೊದಲ್ಲಿ. ಲ್ಯಾಟಿನ್ ಕಿವಿಗೆ ಅಪಶಕುನದಂತೆ ಕೇಳಿಸುತ್ತಿದ್ದ ಮಾಲೆವೆಂಟುಮ್ ಎಂಬ ಹೆಸರನ್ನು ರೋಮನ್ನರು ಶುಭಸೂಚಕವಾದ ಬೆನೆವೆಂಟುಮ್ ಎಂದು ಬದಲಿಸಿದ ಊರು ಇದು. ಸುತ್ತಲೂ ನೇಪಲ್ಸ್ ರಾಜ್ಯವಿದ್ದರೂ ಈ ಊರು ಶತಮಾನಗಳ ಕಾಲ ಪೋಪರ ಆಳ್ವಿಕೆಯಲ್ಲಿತ್ತು. ಆ ಆಳ್ವಿಕೆ 1860ರಲ್ಲಿ ಕೊನೆಗೊಂಡಿತು. ಅದೇ ವರ್ಷ ಜುಸೆಪ್ಪೆ ಆಲ್ಬೆರ್ಟಿ ಇಲ್ಲಿ ತನ್ನ ಭಟ್ಟಿಯನ್ನು ಆರಂಭಿಸಿದ.

ಹೆಸರಿಗೆ ಕಾರಣ ಹುಡುಕಿದರೆ ಇನ್ನೂ ಸಾವಿರಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ. 7ನೇ ಶತಮಾನದಲ್ಲಿ ಈ ಊರನ್ನು ಆಳುತ್ತಿದ್ದ ಲಾಂಗೊಬಾರ್ಡರೆಂಬ ಜರ್ಮಾನಿಕ್ ಜನಾಂಗದವರು ಒಂದು ಪವಿತ್ರ ಮರದ ಸುತ್ತ ತಮ್ಮ ಹಳೆಯ ಆಚರಣೆಗಳನ್ನು ನಡೆಸುತ್ತಿದ್ದರೆಂದೂ, ಸಂತ ಬಾರ್ಬಾಟೊ ಆ ಮರವನ್ನು ಕಡಿದನೆಂದೂ ಆತನ ಚರಿತ್ರೆ ಹೇಳುತ್ತದೆ. ಜನರ ನೆನಪಿನಲ್ಲಿ ಆ ಮರ ಸಾಬಾಟೊ ನದಿಯ ದಂಡೆಯ ಅಕ್ರೋಟಿನ ಮರವಾಯಿತು, ಅದರ ಬುಡದಲ್ಲಿ ಸೇರುವವರು ಮಾಟಗಾತಿಯರಾದರು. 1428ರಲ್ಲಿ ತೋದಿ ಎಂಬ ದೂರದ ಊರಿನಲ್ಲಿ ಮತ್ತೆಯುಚ್ಚಾ ಎಂಬ ಹೆಂಗಸನ್ನು ವಿಚಾರಣೆ ಮಾಡಿ ಸುಟ್ಟರು. ಮೈಗೆ ಲೇಪ ಹಚ್ಚಿಕೊಂಡು ಬೆನೆವೆಂಟೊದ ಅಕ್ರೋಟಿನ ಮರಕ್ಕೆ ಹಾರಿಹೋಗುತ್ತಿದ್ದಳೆಂಬುದು ಆಕೆಯ ಮೇಲಿನ ಆರೋಪಗಳಲ್ಲೊಂದು. ಮೂಲಿಕೆಗಳ ಗುಣ ಬಲ್ಲ ಹೆಂಗಸರನ್ನು ಊರು ಹೇಗೆ ಕಂಡಿತು ಎಂಬುದನ್ನು ನೆನೆದಾಗ ಈ ಕಥೆ ನನಗೆ ಎಂದೂ ಬರಿಯ ಸ್ವಾರಸ್ಯವಾಗಿ ತೋರಿಲ್ಲ. ಮೂಲಿಕೆಯ ಪಾನೀಯಕ್ಕೆ ಆಲ್ಬೆರ್ಟಿ ಆ ಮಾಟಗಾತಿಯರ ಹೆಸರನ್ನೇ ಇಟ್ಟ, ಮರದ ಸುತ್ತ ಕುಣಿಯುವ ಮಾಟಗಾತಿಯರ ಚಿತ್ರ ಬಾಟಲಿಯ ಚೀಟಿಯ ಮೇಲೆ ಬಂತು. ಜೊತೆಯಾಗಿ ಇದನ್ನು ಕುಡಿದ ಗಂಡು ಹೆಣ್ಣು ಎಂದೂ ಅಗಲುವುದಿಲ್ಲ ಎಂಬ ಮಾತೂ ಇದರ ಸುತ್ತ ಬೆಳೆದಿದೆ. ನಮ್ಮಲ್ಲಿ ಗಂಡಿಗೆ ಮದ್ದು ಹಾಕಿದ್ದಾರೆ ಎನ್ನುವಾಗ ಇರುವ ಮದ್ದಿನ ಅರ್ಥವೂ ಹೀಗೆ ಇದಕ್ಕೆ ಸಲ್ಲುತ್ತದೆ.

ಇನ್ನು ರುಚಿ. ಇಟಲಿಯ ಮೂಲಿಕೆ ಪಾನೀಯವೆಂದರೆ ಫೆರ್ನೆಟ್ ಬ್ರಾಂಕಾದಂತೆ ನಾಲಗೆ ಮುದುಡುವ ಕಹಿ ಎಂದು ಭಾವಿಸಿದವರಿಗೆ ಸ್ಟ್ರೇಗಾ ಅಚ್ಚರಿ ತರುತ್ತದೆ, ಏಕೆಂದರೆ ಇದು ಸಿಹಿ. ಬಣ್ಣ ಕೇಸರಿಯದು, ಮತ್ತು ಕೇಸರಿ ಬಣ್ಣ ಕೊಟ್ಟು ಸುಮ್ಮನಾಗುವುದಿಲ್ಲ: ಕೇಸರಿ ಹಾಕಿ ಬಹಳ ಹೊತ್ತು ಕಾಯಿಸಿದ ಹಾಲಿನಲ್ಲಿ ಬರುವ, ಜೇನನ್ನೂ ಒಣಹುಲ್ಲನ್ನೂ ನೆನಪಿಸುವ ವಾಸನೆ ಇದರ ತಳಹದಿ. ಲೋಟವನ್ನು ಮೂಗಿನ ಬಳಿ ತಂದಾಗ ಮೊದಲು ಎದುರಾಗುವುದು ಪುದೀನದ ತಂಪು. ಬಾಯಿಗಿಟ್ಟ ಕ್ಷಣ ಪಾಕದಂಥ ಸಿಹಿ, ಅದರ ಬೆನ್ನಿಗೇ ಸೋಂಪು. ಆಮೇಲೆ ಸಿಂಹಳದ ದಾಲ್ಚಿನ್ನಿಯ ಬಿಸುಪು ಗಂಟಲಿಗಿಳಿಯುತ್ತದೆ, ಜುನಿಪರ್ ಕಾಯಿಯ ರಾಳದ ಘಮ ಮೂಗಿಗೇರುತ್ತದೆ. ಫ್ಲಾರೆನ್ಸಿನ ಐರಿಸ್ ಗಡ್ಡೆ ಒಂದು ಬಗೆಯ ಹೂವಿನ ಪುಡಿಯಂಥ ಮೃದುತ್ವ ಕೊಡುತ್ತದೆ. ಅದನ್ನು ಗುರುತಿಸಲು ನನಗೆ ಹಲವು ಸಲ ಕುಡಿಯಬೇಕಾಯಿತು. ನುಂಗಿದ ಮೇಲೆ ಉಳಿಯುವ ತೆಳು ಕಹಿಯೇ ಇದನ್ನು ಬರಿಯ ಸಕ್ಕರೆ ನೀರಾಗದಂತೆ ಕಾಯುತ್ತದೆ ಎಂದು ನನ್ನ ಅಭಿಪ್ರಾಯ. ತುಸು ತಣ್ಣಗಿದ್ದರೆ ಒಳ್ಳೆಯದು, ಮಂಜುಗಡ್ಡೆ ಮಾತ್ರ ಬೇಡ. ಅತಿಯಾದ ತಂಪಿನಲ್ಲಿ ಕೇಸರಿ ಮೂಕವಾಗುತ್ತದೆ. ಸಿಹಿಯ ಮರೆಯಲ್ಲಿ ಮದ್ಯಸಾರದ ಬಲ ತಿಳಿಯುವುದಿಲ್ಲವಾದ್ದರಿಂದ ಒಂದು ಪುಟ್ಟ ಲೋಟಕ್ಕೆ ನಿಲ್ಲಿಸಬೇಕು.

ಬಾಟಲಿಯ ಮೇಲಿನ ಮರವನ್ನು ನೋಡಿ, ಇದನ್ನು ಅಕ್ರೋಟಿನಿಂದ ಮಾಡುತ್ತಾರೆಯೇ ಎಂದು ಕೇಳುವವರೂ ಇದ್ದಾರೆ. ಹಸಿ ಅಕ್ರೋಟಿನ ಕಾಯಿಗಳಿಂದ ಮಾಡುವುದು ನೊಚೀನೊ ಎಂಬ ಬೇರೆಯೇ ಪಾನೀಯ; ಅದು ಕಡುಕಂದು, ಒಗರು. ಅದರ ಕಾಯಿಗಳನ್ನು ಜೂನ್ 24ರ ಸಂತ ಯೋಹಾನನ ಹಬ್ಬದ ಹೊತ್ತಿಗೆ ಕೀಳುವುದು ವಾಡಿಕೆ.

ಇಟಲಿಯ ಅತ್ಯಂತ ಗೌರವದ ಕಾದಂಬರಿ ಪ್ರಶಸ್ತಿಗೂ ಸ್ಟ್ರೇಗಾ ಎಂಬ ಹೆಸರೇ ಇದೆ. ಲೇಖಕಿ ಮರಿಯಾ ಬೆಲ್ಲೊಂಚಿ ಮತ್ತು ಆಲ್ಬೆರ್ಟಿ ಮನೆತನದ ಗ್ವೀದೊ ಆಲ್ಬೆರ್ಟಿ 1947ರಲ್ಲಿ ಅದನ್ನು ಆರಂಭಿಸಿದರು. ಗೆದ್ದವರು ವೇದಿಕೆಯ ಮೇಲೆಯೇ ಬಾಟಲಿ ಎತ್ತಿ ಒಂದು ಗುಟುಕು ಕುಡಿಯುತ್ತಾರೆ.

ಕುಡಿಯದೆ ರುಚಿ ನೋಡಬಹುದೇ ಎಂಬುದು ಮನೆಯ ಹಿರಿಯರ ಪ್ರಶ್ನೆ. ಬೆನೆವೆಂಟೊ ತನ್ನ ತೊರ್ರೋನೆಗೂ ಹೆಸರುವಾಸಿ. ಜೇನು, ಮೊಟ್ಟೆಯ ಬಿಳಿ, ಬಾದಾಮಿ ಅಥವಾ ಹೇಜಲ್ ಬೀಜ ಸೇರಿಸಿ ಮಾಡುವ ಈ ಮಿಠಾಯಿ ಕ್ರಿಸ್ಮಸ್ ಕಾಲದ್ದು. ಆಲ್ಬೆರ್ಟಿ ಮನೆತನ ಅದನ್ನೂ ತಯಾರಿಸುತ್ತದೆ, ಸ್ಟ್ರೇಗಾ ಸೇರಿಸಿದ ಬಗೆಗಳೂ ಅದರಲ್ಲಿವೆ. ಆದರೆ ಅಂಥ ಮಿಠಾಯಿಯಲ್ಲಿಯೂ ಕೇಕಿನಲ್ಲಿಯೂ ಮದ್ಯಸಾರ ಪೂರ್ತಿ ಹೋಗಿರುವುದಿಲ್ಲ ಎಂಬುದನ್ನು ತಿಳಿಸಿಯೇ ನಾನು ತಟ್ಟೆಯನ್ನು ಅವರ ಮುಂದಿಡುತ್ತೇನೆ.